ಬಲಹೆಗಲ ಸೆರಗು

ಸೆರಗು ಬಲಹೆಗಲ ಮೇಲಿತ್ತು.

ನಾನು ಭೂತಗನ್ನಡಿಯನ್ನು ಎತ್ತಿ, ದುಪಟ್ಟಾದ ಅಂಚಿನಿಂದ ಒರೆಸಿ, ಮತ್ತೆ ಇಟ್ಟು ನೋಡಿದೆ. ಅನುಮಾನವೇ ಇಲ್ಲ, ಬಲಹೆಗಲು. ಊಟದ ಮೇಜಿನಷ್ಟು ಉದ್ದದ ಆ ಫೋಟೊದ ಒಂದು ಮೂಲೆಯಲ್ಲಿ, ನಾಲ್ಕಾರು ಆಡುಗಳ ಹಿಂದೆ, ಬೆರಳಿನಷ್ಟು ಎತ್ತರದ ಹೆಂಗಸೊಬ್ಬಳು ನಿಂತಿದ್ದಳು. ಮುಖ ನಮ್ಮ ಕಡೆಗೆ. ಸೆರಗು ಎದೆಯ ಮೇಲೆ ಹಾದು, ಬಲಹೆಗಲು ದಾಟಿ ಬೆನ್ನ ಹಿಂದಕ್ಕೆ ಹೋಗಿತ್ತು.

ನಾನು ದೊಡ್ಡಬಳ್ಳಾಪುರದವಳು. ಮಗ್ಗ ನಿಂತರೆ ನಿದ್ದೆಯಿಂದ ಎಚ್ಚರವಾಗುವ ಮನೆಯಲ್ಲಿ ಹುಟ್ಟಿದವಳು. ಬಲಕ್ಕೆ ಸೆರಗು ಹಾಕುವವರೇ ಇಲ್ಲ ಎಂದಲ್ಲ, ಪೇಟೆಯ ಮಾರ್ವಾಡಿ ಹೆಂಗಸರು ಹಾಕುತ್ತಾರೆ. ಆದರೆ ಅವರು ಹಿಂದಿನಿಂದ ತಂದು ಮುಂದಕ್ಕೆ ಇಳಿಬಿಡುತ್ತಾರೆ. ಘಾಟಿ ಸುಬ್ರಹ್ಮಣ್ಯದ ಆಚೆ ಗುಡ್ಡದಲ್ಲಿ ಆಡು ಮೇಯಿಸುವ ಹೆಂಗಸು ಸೆರಗನ್ನು ಬಲಕ್ಕೆ ಎಳೆದು ಬೆನ್ನಿಗೆ ಬಿಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಹೆಂಗಸು ಸೀರೆ ಉಟ್ಟದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಫೋಟೊದಲ್ಲಿ.

"ಕೀರ್ತನ, ಒಂದ್ನಿಮಿಷ ಇಲ್ಲಿ ಬನ್ನಿ," ಎಂದೆ.

ಸ್ಟುಡಿಯೊದ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ ಕೀರ್ತನ ತಲೆ ಎತ್ತಿದಳು, ಏಳಲಿಲ್ಲ. ದೇವನಹಳ್ಳಿಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು ಅವಳು. ಕಾಣೆಯಾದ ತಂಗಿ ಸಿಂಧುವನ್ನು ಹುಡುಕಿಕೊಡಿ ಎಂದು ನನ್ನ ಆಫೀಸಿನ ಮೆಟ್ಟಿಲು ಹತ್ತಿದವಳು. ಮದುವೆ ಗಂಡುಗಳ ಚಾಳಿ, ಸಹವಾಸ ವಿಚಾರಿಸಿ ಹೊಟ್ಟೆ ಹೊರೆಯುವ ನನ್ನಂಥ ಖಾಸಗಿ ಪತ್ತೇದಾರಿಗೆ ಇಂಥ ಕೇಸು ಬರುವುದು ಅಪರೂಪ. ಆಗಲ್ಲ ಎನ್ನಲು ಬಾಯಿ ತೆರೆದಿದ್ದೆ. "ಅವಳು ಬದುಕಿದಾಳೆ ಅಂತ ಒಂದ್ಮಾತು ತಂದ್ಕೊಡಿ ಸಾಕು ಮೇಡಮ್," ಎಂದು ಅತ್ತಳು. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ.

"ನನ್ಗೆ ಅದನ್ನ ನೋಡೋಕಾಗಲ್ಲ ಮೇಡಮ್," ಎಂದಳು ಈಗ. "ಅವಳು ತೆಗೆದ ಕೊನೇ ಫೋಟೊ ಅದು."

ಅದೂ ಸರಿಯೇ. ಹೋದ ತಿಂಗಳು ಒಂದು ಬೆಳಿಗ್ಗೆ ಸಿಂಧು ಜೇನುಕಲ್ಲು ಗುಡ್ಡಕ್ಕೆ ಕೊಂಬಿನ ಗೂಬೆಯ ಗೂಡು ಹುಡುಕಿಕೊಂಡು ಹೋದಳು. ಗೂಡಿನ ಫೋಟೊ ಒಂದನ್ನು ಕ್ಯಾಮೆರಾದಿಂದ ಮೊಬೈಲಿಗೆ ಇಳಿಸಿ ತನ್ನ ಗುರುವಿಗೆ ಕಳಿಸಿದಳು. ಆಮೇಲೆ ಫೋನು ಆಫ್. ಸ್ಕೂಟರ್ ಮಾತ್ರ ಘಾಟಿ ದೇವಸ್ಥಾನದ ಹತ್ತಿರ ವಾಹನ ನಿಲ್ಲಿಸುವ ಜಾಗದಲ್ಲಿ ಸಿಕ್ಕಿತು. ಆ ಫೋಟೊ ಒಂದನ್ನೇ ಹಿಡಿದು ಪೊಲೀಸರು, ಊರವರು, ನಾವು, ಗುಡ್ಡದ ಉತ್ತರದ ಬದಿಯನ್ನು ಜರಡಿ ಹಿಡಿದಿದ್ದೆವು. ಫೋಟೊದಲ್ಲಿದ್ದ ಬಂಡೆ ಸಿಗಲಿಲ್ಲ, ಗೂಡು ಸಿಗಲಿಲ್ಲ, ಸಿಂಧು ಸಿಗಲಿಲ್ಲ.

ಈಗ ನನಗೆ ಯಾಕೆ ಎಂದು ಹೊಳೆಯಿತು.

ಫೋಟೊದಲ್ಲಿ ಗುಡ್ಡದ ನೆತ್ತಿ ಎಡಗಡೆ ಎತ್ತರವಾಗಿದೆ, ಬಲಕ್ಕೆ ಇಳಿಯುತ್ತಾ ಹೋಗುತ್ತದೆ. ಉತ್ತರದ ನೀಲಗಿರಿ ತೋಪಿನಲ್ಲಿ ನಿಂತು ನೋಡಿದರೆ ಗುಡ್ಡ ಹಾಗೇ ಕಾಣುತ್ತದೆ. ಅದಕ್ಕೇ ಎಲ್ಲರೂ ಆ ಬದಿಗೆ ನುಗ್ಗಿದ್ದು. ಗುಡ್ಡ ಬಳಸಿ ದಕ್ಷಿಣಕ್ಕೆ ಹೋಗಿ ನಿಂತರೆ ಅದೇ ನೆತ್ತಿ ಬಲಗಡೆ ಎತ್ತರ, ಎಡಕ್ಕೆ ಇಳಿಜಾರು. ಅಲ್ಲಿ ತೆಗೆದ ಫೋಟೊವನ್ನು ಕನ್ನಡಿಗೆ ಹಿಡಿದ ಹಾಗೆ ಎಡಬಲ ಮಗುಚಿಬಿಟ್ಟರೆ ಉತ್ತರದ ಬದಿಯೇ ಎದುರಿಗೆ ಬಂದು ಕೂರುತ್ತದೆ. ಬೆಳಗಿನ ಬಿಸಿಲು ಬೀಳುವ ದಿಕ್ಕು ಕೂಡ ಲೆಕ್ಕಕ್ಕೆ ಸರಿಹೊಂದುತ್ತದೆ. ಯಾರಿಗೂ ಅನುಮಾನ ಬರಲು ಕಾರಣವೇ ಇರಲಿಲ್ಲ, ಆ ಸೆರಗೊಂದನ್ನು ಬಿಟ್ಟು.

ಗುಡ್ಡದ ದಕ್ಷಿಣಕ್ಕೆ ಇರುವುದು ಹಳೆಯ ಕ್ವಾರಿ. ಕಲ್ಲು ತೆಗೆದು ಬಿಟ್ಟುಹೋದ ಆಳದ ಗುಂಡಿ. ಅದರ ತುಂಬ ನೀರು.

ಯಾ ಅಲ್ಲಾ, ಎಂದುಕೊಂಡೆ. ಇಷ್ಟು ದಿನ ನಾವು ಒಂದು ಜೀವವನ್ನು ಅದು ಇಲ್ಲದ ಕಡೆ ಹುಡುಕುತ್ತಿದ್ದೆವು. ಕಾಲು ಮುರಿದುಕೊಂಡು ಬಿದ್ದಿದ್ದರೆ, ಕೂಗಿದ್ದರೆ, ನಮ್ಮ ಕಿವಿಗೆ ಬೀಳದ ಹಾಗೆ ನಡುವೆ ಇಡೀ ಗುಡ್ಡವೇ ಅಡ್ಡ ಇತ್ತು.

ರಾಮಾಂಜಿನಪ್ಪನವರಿಗೆ ಫೋನು ಹಚ್ಚಿದೆ. ನನ್ನ ಆಫೀಸಿನ ಅರ್ಧ ಬಲ ಅವರೇ. ಚನ್ನರಾಯಪಟ್ಟಣ ಹೋಬಳಿಯವರು, ರಿಟೈರಾದ ಹೆಡ್ ಕಾನ್‌ಸ್ಟೇಬಲ್. ಸರ್ವೀಸಿನಲ್ಲಿದ್ದಾಗ ಧರಣಿ ಕೂತವರನ್ನು ಎಬ್ಬಿಸುತ್ತಿದ್ದವರು, ರಿಟೈರಾದ ಮೇಲೆ ಜಮೀನಿನ ಧರಣಿಯಲ್ಲಿ ತಾವೇ ಹೋಗಿ ಕೂತವರು. ಹಾಗಾಗಿ ಯಾರ ಹತ್ತಿರ ಹೇಗೆ ಮಾತಾಡಬೇಕು ಎನ್ನುವುದನ್ನು ಎರಡೂ ಕಡೆಯಿಂದ ಬಲ್ಲರು.

"ಎಲ್ಲಿದೀರ?"

"ಘಾಟೀಲೇ ಮೇಡಮ್. ಇಡ್ಲಿ ತಿಂತಾವ್ನಿ."

"ಇಡ್ಲಿ ಬಿಟ್ಟು ಎದ್ದೇಳಿ. ಕ್ವಾರಿ ಕಡೆಗೆ ಹೋಗಿ."

"ನಾವು ಹುಡುಕ್ತಿರೋದು ಆ ಕಡೆ ಅಲ್ವಲ್ಲ."

"ಇವತ್ತಿಂದ ಆ ಕಡೇನೇ. ಫೋಟೊ ಎಡಬಲ ಉಲ್ಟಾ ಆಗಿದೆ ರಾಮಾಂಜಿನಪ್ಪನೋರೆ. ನಾವೆಲ್ಲ ತಪ್ಪು ಬದೀಲಿ ಅಲೆದ್ವಿ."

ಆ ಕಡೆ ಅವರು ಲೋಟ ಕೆಳಗಿಟ್ಟ ಸದ್ದು ಕೇಳಿಸಿತು.

"ಅಲ್ಲಿ ನೀರೈತಲ್ಲ ಮೇಡಮ್," ಎಂದರು ಮೆಲ್ಲಗೆ.

"ಗೊತ್ತು. ಮೊದ್ಲು ಒಬ್ಬ ಹೆಂಗಸನ್ನ ಹುಡುಕಿ. ಆಡು ಮೇಯಿಸೋರು, ಫೋಟೊ ಕಳಿಸ್ತೀನಿ. ಅವತ್ತು ಆ ಬೆಳಿಗ್ಗೆ ಅಲ್ಲೇ ನಿಂತಿದ್ರು. ಏನ್ ನೋಡಿದ್ರು ಕೇಳಿ."

ಮೇಜಿನ ಮೇಲಿನ ಹೆಂಗಸನ್ನು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದು ಕಳಿಸಿದೆ. ಕಳಿಸಿ ತಲೆ ಎತ್ತುವಷ್ಟರಲ್ಲಿ ಭಾನುಪ್ರಕಾಶ್ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಕಾಫಿ ತಟ್ಟೆ.

ಈ ಮನೆ, ಈ ಸ್ಟುಡಿಯೊ, ಕಿಟಕಿಯಾಚೆಯ ದ್ರಾಕ್ಷಿ ತೋಟ ಎಲ್ಲ ಅವರದೇ. ಕರ್ನಾಟಕದಲ್ಲಿ ಹಕ್ಕಿ, ಕೆರೆ, ಗುಡ್ಡಗಳ ಫೋಟೊ ತೆಗೆಯುವವರಲ್ಲಿ ಅವರನ್ನು ಅರಿಯದವರಿಲ್ಲ. ಸಿಂಧುವಿಗೆ ಗುರು. ತಮ್ಮ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಗುಡ್ಡಕ್ಕೆ ಕಳಿಸಿದವರು ಅವರೇ. ಮಾಮೂಲಿ ಕ್ಯಾಮೆರಾದ ಒಳಗಿನದಕ್ಕಿಂತ ದೊಡ್ಡ ಪಟಲದ ಮೇಲೆ ಚಿತ್ರ ಮೂಡಿಸುವ ಯಂತ್ರ ಅದು. ಗೋಡೆಯಷ್ಟು ಹಿಗ್ಗಿಸಿದರೂ ಹುಲ್ಲಿನ ಎಸಳು ಎಸಳೂ ಉಳಿದುಕೊಳ್ಳುತ್ತದೆ ಎಂದು ಹಿಂದಿನ ಸಲ ನಾವು ಬಂದಾಗ ಗಂಟೆಗಟ್ಟಲೆ ಪಾಠ ಮಾಡಿದ್ದರು.

ಗೋಡೆಯ ತುಂಬ ಹೊಸಕೋಟೆ ಕೆರೆಯ ಒಂದೇ ಫೋಟೊ ಬೇರೆ ಬೇರೆ ಬಣ್ಣದಲ್ಲಿ ತೂಗುಹಾಕಿತ್ತು. ಹಳೆಯ ಚಿತ್ರಗಳನ್ನೇ ಕೆಲವು ವರ್ಷಕ್ಕೊಮ್ಮೆ ಮತ್ತೆ ಎಡಿಟ್ ಮಾಡುವುದು ಅವರ ಗೀಳು. ಫೋಟೊ ಅದೇ, ನನ್ನ ಕಣ್ಣು ಬೇರೆ ಆಗಿರತ್ತೆ ಎನ್ನುತ್ತಿದ್ದರು.

"ಅದನ್ನ ಮುಟ್ಬಾರ್ದಿತ್ತು ಮೇಡಮ್," ಎಂದರು ಈಗ, ತಟ್ಟೆ ಕೆಳಗಿಟ್ಟು. ನಾನು ಸರಿಸಿದ್ದ ಬಿಳಿ ಬಟ್ಟೆಯನ್ನು ಫೋಟೊದ ಮೇಲೆ ಮತ್ತೆ ಎಳೆಯಲು ಬಂದರು. "ಬಣ್ಣ ನೋಡೋಕೆ ಅಂತ ಹಾಕಿದ ಪ್ರಿಂಟು. ಇನ್ನೂ ಎಡಿಟಿಂಗ್ ಮುಗಿದಿಲ್ಲ."

"ಏನ್ ಬಾಕಿ ಇದೆ ಸರ್?"

"ಆ ಹೆಂಗಸು, ಆಡು ಎಲ್ಲ ಹೋಗ್ಬೇಕು. ನಿಸರ್ಗದ ಚಿತ್ರದಲ್ಲಿ ಮನುಷ್ಯರಿಗೇನು ಕೆಲ್ಸ?"

ಗುಡ್ಡದಲ್ಲಿ ಹುಟ್ಟಿ, ಗುಡ್ಡದಲ್ಲೇ ಆಡು ಮೇಯಿಸಿ ಮುದುಕಿಯಾದವಳಿಗೆ ಗುಡ್ಡದ ಚಿತ್ರದಲ್ಲಿ ಜಾಗವಿಲ್ಲವಂತೆ. ನನಗೆ ಮೈ ಉರಿಯಿತು. ನಾವು ನಾಳೆ ಬಂದಿದ್ದರೆ ಅಲ್ಲಿ ಬರೀ ಹುಲ್ಲಿರುತ್ತಿತ್ತು.

"ಅವಳನ್ನ ಅಳಿಸೋಕೆ ಮುಂಚೆ ಒಂದ್ಸಲ ನೋಡ್ಬಿಡಿ. ಅವಳ ಸೆರಗು ಯಾವ ಕಡೆ ಇದೆ ಹೇಳಿ."

ಅವರು ಬಗ್ಗಿ ನೋಡಿದರು. ಗೂಬೆಯ ರೆಪ್ಪೆಯ ಮೇಲೆ ಕೂದಲು ಎಷ್ಟೆಂದು ಹೇಳಬಲ್ಲ ಗಂಡಸರು ಸೆರಗನ್ನು ನೋಡುವುದಿಲ್ಲ. ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಅವರ ಕೈ ತಾನಾಗಿಯೇ ತಮ್ಮ ಎಡಹೆಗಲಿಗೆ ಹೋಯಿತು, ಅಲ್ಲಿಂದ ಬಲಹೆಗಲಿಗೆ. ಮುಖದ ಬಣ್ಣ ಇಳಿಯಿತು.

"ಯಾರು ತಿರುಗಿಸಿದ್ದು ಸರ್?"

ಅವರು ಕುರ್ಚಿ ಎಳೆದುಕೊಂಡು ಕುಳಿತರು. ಕಾಫಿಯನ್ನು ಯಾರೂ ಮುಟ್ಟಲಿಲ್ಲ.

"ನಾನೇ," ಎಂದರು.

ಕಿಟಕಿ ಪಕ್ಕದಿಂದ ಕೀರ್ತನ ಒಂದು ಸಣ್ಣ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ನಮ್ಮಲ್ಲಿ ಅದೊಂದು ಪದ್ಧತಿ ಮೇಡಮ್," ಎಂದರು ಭಾನುಪ್ರಕಾಶ್. "ಗೂಡಿನ ಫೋಟೊ ಯಾವತ್ತೂ ಇದ್ದ ಹಾಗೆ ಹೊರಗೆ ಬಿಡಲ್ಲ. ಗೂಬೆ ಹಿಡಿದು ಮಾಟಕ್ಕೆ ಮಾರೋರು ನಮ್ಮ ಫೋಟೊ ನೋಡ್ಕೊಂಡೇ ಬರ್ತಾರೆ. ಹಿಂದೆ ಕಾಣೋ ಗುಡ್ಡದ ಗೆರೆ ಸಾಕು ಅವ್ರಿಗೆ, ಜಾಗ ಪತ್ತೆ ಮಾಡ್ಬಿಡ್ತಾರೆ. ಅದಕ್ಕೇ ಎಡಬಲ ತಿರುಗಿಸಿ ಬಿಡ್ತೀವಿ. ಹುಡುಕ್ಕೊಂಡು ಬಂದೋರು ಗುಡ್ಡದ ಆ ಬದೀಲಿ ಅಲೆದು ವಾಪಸ್ ಹೋಗ್ಲಿ ಅಂತ."

"ಅಲೆದ್ವಿ ಸರ್," ಎಂದೆ. "ಚೆನ್ನಾಗೇ ಅಲೆದ್ವಿ."

ಅವರು ನನ್ನ ಮುಖ ನೋಡಲಿಲ್ಲ. ಅವತ್ತು ಬೆಳಿಗ್ಗೆ ಗೂಡು ಸಿಕ್ಕಿತು ಸರ್ ಎಂಬ ಒಕ್ಕಣೆಯ ಜೊತೆ ಸಿಂಧುವಿನ ಫೋನಿನಿಂದ ಆ ಚಿತ್ರ ಬಂತಂತೆ. ಖುಷಿಯಲ್ಲಿ, ಕೈ ಅಭ್ಯಾಸದಲ್ಲಿ ತಿರುಗಿಸಿ ಶಿಷ್ಯರ ವಾಟ್ಸಾಪ್ ಗುಂಪಿಗೆ ಹಾಕಿದರಂತೆ. ಬಂದ ಮೂಲ ಚಿತ್ರವನ್ನು ಆಗಿಂದಾಗಲೇ ಅಳಿಸಿಬಿಡುವುದು ಕೂಡ ಅವರ ಪದ್ಧತಿಯೇ. ಪೊಲೀಸರು ಬಂದು ಕೊನೆಯ ಫೋಟೊ ಕೇಳಿದಾಗ ಗುಂಪಿನಲ್ಲಿದ್ದದ್ದನ್ನು ತೆಗೆದು ಕೊಟ್ಟರು. ಅಲ್ಲಿಂದ ಅದು ಇಡೀ ತಾಲ್ಲೂಕಿನ ಮೊಬೈಲುಗಳಿಗೆ ಹರಡಿತು.

"ಕೊಡೋವಾಗ ನೆನಪಾಗ್ಲಿಲ್ವಾ?"

"ಇಲ್ಲ. ದೇವ್ರಾಣೆಗೂ ಇಲ್ಲ."

"ಯಾವಾಗ ನೆನಪಾಯ್ತು?"

"ಪೇಪರ್‌ನಲ್ಲಿ ಹುಡುಕಾಟದ ಸುದ್ದಿ ಬಂತಲ್ಲ. ಅದರ ಫೋಟೊದಲ್ಲಿ ಹಿಂದೆ ನೀಲಗಿರಿ ತೋಪು ಕಾಣ್ತಿತ್ತು. ಆಗ."

"ನೆನಪಾದ್ಮೇಲೂ ಬಾಯಿ ಬಿಡ್ಲಿಲ್ಲ."

"ಹೇಗೆ ಬಿಡ್ಲಿ ಮೇಡಮ್? ಅಷ್ಟು ಜನ, ಅಷ್ಟು ಪೊಲೀಸ್ನೋರು. ನನ್ನಿಂದ ತಪ್ಪಾಯ್ತು ಅಂದ್ರೆ ಜನ ಏನಂತಾರೆ? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ಆ ನಾಳೆಗಳಲ್ಲಿ ಒಂದು ಹುಡುಗಿ ಕ್ವಾರಿ ಹತ್ರ ಬಿದ್ದು ನರಳ್ತಾ ಇದ್ದಿರಬಹುದು ಅಂತ ಅನ್ನಿಸ್ಲಿಲ್ವಾ?"

ಕೀರ್ತನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಭಾನುಪ್ರಕಾಶ್ ಅವಳ ಕಡೆ ತಿರುಗಿ, "ಕ್ಷಮಿಸಮ್ಮ," ಎಂದರು. ಅವಳು ಕೈ ತೆಗೆಯಲಿಲ್ಲ.

ಕ್ಷಮಿಸುವ ಮನಸ್ಸು ನನಗೂ ಇರಲಿಲ್ಲ. ದೊಡ್ಡ ಮನುಷ್ಯರ ಮರ್ಯಾದೆಗೆ ಚಿಕ್ಕವರು ಜೀವ ತೆರುವುದನ್ನು ನನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೇನೆ. ಮಾತು ಮಿತಿ ಮೀರದಿರಲಿ ಎಂದು ಮೊಬೈಲು ತೆಗೆದು, ಎಲ್ಲರ ಹತ್ತಿರ ಇರುವ ಆ ಚಿತ್ರವನ್ನು ತೆರೆದು ನೋಡುತ್ತಾ ನಿಂತೆ.

ಮೊಬೈಲಿನಲ್ಲಿ ಆ ಹೆಂಗಸು ಒಂದು ಚುಕ್ಕೆ. ಎರಡು ಬೆರಳಲ್ಲಿ ಹಿಗ್ಗಿಸಿದೆ. ಚುಕ್ಕೆ ಕಂದು ಬಣ್ಣದ ಚೌಕಗಳಾಗಿ ಒಡೆಯಿತು. ಸೆರಗೂ ಇಲ್ಲ, ಹೆಗಲೂ ಇಲ್ಲ.

ಮೇಜಿನ ಮೇಲೆ ಅದೇ ಹೆಂಗಸು. ಸೀರೆಯ ನೆರಿಗೆ, ಕೈಬಳೆ, ಎಲ್ಲ ಎಣಿಸುವ ಹಾಗಿದ್ದವು.

ಭೂತಗನ್ನಡಿಯನ್ನು ಮತ್ತೆ ಎತ್ತಿ ಸೀರೆಯ ಅಂಚಿನ ಮೇಲೆ ಹಿಡಿದೆ.

"ಸರ್," ಎಂದೆ. "ಈ ಪ್ರಿಂಟನ್ನ ಯಾವುದರಿಂದ ಹಾಕಿದ್ರಿ?"

"ಅವಳು ಕಳಿಸಿದ್ರಿಂದ್ಲೇ."

"ವಾಟ್ಸಾಪಲ್ಲಿ ಬಂದಿದ್ರಿಂದ?"

"ಈಗ ಸಾಫ್ಟ್‌ವೇರ್ ಇದಾವಲ್ಲ ಮೇಡಮ್. ಚಿಕ್ಕ ಚಿತ್ರ ಕೊಟ್ರೆ ತಾನೇ ತುಂಬಿಸಿ ದೊಡ್ಡದು ಮಾಡತ್ತೆ."

"ಮಾಡತ್ತೆ, ನಾನೂ ನೋಡಿದೀನಿ. ಇಲ್ಲದ ನೆರಿಗೇನ ಅದೇ ಊಹಿಸಿ ಹಾಕತ್ತೆ." ಭೂತಗನ್ನಡಿಯನ್ನು ಅವರ ಕಡೆ ತಳ್ಳಿದೆ. "ಕೆಳಗಡೆ ಅಂಚು ನೋಡಿ. ಸೀರೆ ಹಳೇದು, ಅಂಚು ಹರಿದಿದೆ. ಅಲ್ಲಿಗೆ ಬೇರೆ ಸೀರೆಯ ತುಂಡು ಕೊಟ್ಟು ಕೈಯಲ್ಲಿ ಹೊಲಿದಿದಾರೆ. ಒಂದು ಕಡೆ ಹೊಲಿಗೆ ಬಿಟ್ಟು ದಾರ ನೇತಾಡ್ತಿದೆ. ಯಾವ ಸಾಫ್ಟ್‌ವೇರ್‌ಗೆ ಸರ್ ಇದನ್ನ ಊಹಿಸೋ ಬುದ್ಧಿ ಇದೆ?"

ಅವರು ನೋಡಲಿಲ್ಲ. ಅಲ್ಲಿ ಏನಿದೆಯೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಇದು ಕ್ಯಾಮೆರಾದ ಒಳಗಿದ್ದ ಮೂಲ ಫೈಲಿಂದ ಬಂದಿದ್ದು," ಎಂದೆ. "ಕ್ಯಾಮೆರಾ ಸಿಂಧು ಜೊತೆಗೇ ಹೋಯ್ತು, ಎಲ್ಲಿದೆಯೋ ಗೊತ್ತಿಲ್ಲ ಅಂತ ಪೊಲೀಸ್ನೋರಿಗೆ ಹೇಳಿಕೆ ಕೊಟ್ಟಿದೀರ. ಎಲ್ಲಿದೆ ಸರ್ ಕ್ಯಾಮೆರಾ?"

ದ್ರಾಕ್ಷಿ ತೋಟದಲ್ಲಿ ಯಾರೋ ಮೋಟಾರು ಹಾಕಿದರು. ಆ ಸದ್ದು ಕಿಟಕಿಯ ಗಾಜಿನಲ್ಲಿ ನಡುಗುತ್ತಿತ್ತು. ಭಾನುಪ್ರಕಾಶ್ ಎದ್ದು, ಲೆನ್ಸುಗಳಿಗೆ ಬೂಸಲು ಹಿಡಿಯದಂತೆ ಇಡುವ ಗಾಜಿನ ಬೀರುವಿನ ಹತ್ತಿರ ಹೋದರು. ಕೆಳಗಿನ ಅರೆಯಲ್ಲಿ ಮಡಿಸಿಟ್ಟಿದ್ದ ಕಪ್ಪು ಬಟ್ಟೆ ಸರಿಸಿ ಒಂದು ಚೀಲ ಹೊರಗೆಳೆದರು. ಹಸಿರು ಚೀಲ. ಅದರ ಪಟ್ಟಿಗೆ ಹಳದಿ ಉಲ್ಲನ್ನಿನ ಪುಟ್ಟ ಹಕ್ಕಿ ಕಟ್ಟಿತ್ತು.

ಅದು ಸಿಂಧುವಿನ ಚೀಲ ಎಂದು ಯಾರೂ ಹೇಳಬೇಕಿರಲಿಲ್ಲ. ಹುಡುಕಾಟಕ್ಕೆಂದು ನಾವು ಹಂಚಿದ ಅವಳ ಫೋಟೊದಲ್ಲಿ ಅದೇ ಚೀಲ ಹೆಗಲಲ್ಲಿತ್ತು.

ನಾನು ಬಾಗಿಲಿಗೂ ಅವರಿಗೂ ನಡುವೆ ಬಂದು ನಿಂತೆ. ಏಕೆಂದು ಯೋಚಿಸಲಿಲ್ಲ, ಕಾಲು ತಾನಾಗಿ ಬಂತು.

"ನಾನು ಅವಳನ್ನ ಏನೂ ಮಾಡಿಲ್ಲ ಮೇಡಮ್," ಎಂದರು. "ಅವತ್ತು ಸಂಜೆ ಇದು ನನ್ನ ಗೇಟಿಗೆ ನೇತು ಹಾಕಿತ್ತು. ಸುತ್ತ ಯಾರೂ ಇರ್ಲಿಲ್ಲ. ಅವಳೇ ಬಂದು ಇಟ್ಟು ಹೋಗಿದಾಳೆ ಅನ್ಕೊಂಡೆ. ಮಾರನೇ ದಿನ ಕಾಣೆಯಾಗಿದಾಳೆ ಅಂತ ಗೊತ್ತಾಯ್ತು."

"ಆಗ ಪೊಲೀಸ್ನೋರಿಗೆ ಕೊಡ್ಬೇಕಿತ್ತು."

"ಕೊಡೋಕೆ ಅಂತಲೇ ಎತ್ಕೊಂಡೆ. ಕೊಡೋಕೆ ಮುಂಚೆ ಒಂದ್ಸಲ ಒಳಗೆ ಏನಿದೆ ನೋಡೋಣ ಅಂತ ಕಂಪ್ಯೂಟರ್‌ಗೆ ಹಾಕ್ದೆ." ಅವರು ಮೇಜಿನ ಮೇಲಿನ ಗೂಬೆಯ ಕಡೆ ನೋಡಿದರು. ಬಂಡೆಯ ಸಂದಿಯಲ್ಲಿ ಮರಿಗಳ ಮೇಲೆ ರೆಕ್ಕೆ ಚಾಚಿ, ಎಳೆ ಬಿಸಿಲಿಗೆ ಅರ್ಧ ಕಣ್ಣು ಮುಚ್ಚಿ ಕೂತಿತ್ತು ಅದು. ಅದರ ಹಿಂದೆ ಅದರ ಇಡೀ ಊರು, ಗುಡ್ಡ, ದಾರಿ, ಆಡು. "ನಾನು ಜೀವಮಾನ ಎಲ್ಲ ಇದಕ್ಕೇ ಕಾದಿದ್ದು ಮೇಡಮ್. ಹಕ್ಕಿ ಮಾತ್ರ ಅಲ್ಲ, ಹಕ್ಕಿಯ ಊರನ್ನ ತೆಗೀಬೇಕು ಅಂತ ಹೇಳ್ಕೊಟ್ಟಿದ್ದು ನಾನು. ನನಗೊಂದ್ಸಲವೂ ಸಿಗ್ಲಿಲ್ಲ. ಕ್ಯಾಮೆರಾ ನಂದು. ಬರೋ ತಿಂಗ್ಳು ಬೆಂಗ್ಳೂರಲ್ಲಿ ಪ್ರದರ್ಶನ ಇದೆ, ಅದಕ್ಕೇ ಇದನ್ನೂ ತಿರುಗಿಸಿ ಪ್ರಿಂಟ್ ಹಾಕ್ದೆ..."

ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೇಳಬೇಕಾದ್ದನ್ನೆಲ್ಲ ಅವರು ಹೇಳಿಯಾಗಿತ್ತು.

ನನಗೆ ಅಸಹ್ಯವಾಯಿತು. ಒಬ್ಬ ಹುಡುಗಿ ಸತ್ತಿದ್ದಾಳೋ ಇದ್ದಾಳೋ ತಿಳಿಯದು, ಅವಳ ಚಿತ್ರಕ್ಕೆ ಈ ಮನುಷ್ಯ ತನ್ನ ಹೆಸರು ಹಾಕಲು ಕೂತಿದ್ದಾನೆ. ಅದೂ ಅವಳ ಗುರು. ಫೋಟೊ ತಿರುಗಿಸಿದ್ದೂ ಈತ, ತಪ್ಪು ಮುಚ್ಚಿಟ್ಟದ್ದೂ ಈತ, ಕ್ಯಾಮೆರಾ ಇರುವುದೂ ಈತನ ಬೀರುವಿನಲ್ಲಿ. ಬೇರೆ ಯಾರನ್ನಾದರೂ ಹುಡುಕುವ ಅಗತ್ಯವೇ ಇಲ್ಲ ಎನ್ನಿಸಿತು.

"ಗೇಟಿಗೆ ಯಾರೋ ನೇತು ಹಾಕಿದ್ರು ಅನ್ನೋ ಕಥೇನ ನಾನು ನಂಬ್ಬೇಕಾ?"

"ಅವತ್ತು ಬೆಳಿಗ್ಗೆಯಿಂದ ನಾನು ನೆಲಮಂಗಲದಲ್ಲಿ ಶಿಬಿರ ಮಾಡ್ತಿದ್ದೆ. ಮಕ್ಕಳ ಜೊತೆ. ನೀವೇ ಹೋಗಿ ವಿಚಾರಿಸಿದೀರಲ್ಲ."

ವಿಚಾರಿಸಿದ್ದೆ. ನಿಜವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಈತ ಅಲ್ಲಿಂದ ಕದಲಿರಲಿಲ್ಲ. ಆ ಒಂದು ಸಂಗತಿ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಕೊಂಡಿತು. ಹಾಗಾದರೆ ಗುಡ್ಡದ ಆ ಬದಿಯಿಂದ ಈ ಗೇಟಿನವರೆಗೆ ಚೀಲ ತಂದವರು ಯಾರು? ಸಿಂಧುವೇ ತಂದಿದ್ದರೆ, ಅವಳು ಗುಡ್ಡದಿಂದ ಇಳಿದು ಬಂದಿದ್ದಾಳೆ ಎಂದಾಯಿತು. ಸ್ಕೂಟರ್ ಬಿಟ್ಟು, ಬಸ್ಸಿನಲ್ಲೋ ಮತ್ತೊಂದರಲ್ಲೋ. ಅಂದರೆ ಬದುಕಿದ್ದಾಳೆ.

ಮನಸ್ಸಿಗೆ ಒಂದಿಷ್ಟು ಗಾಳಿ ಬಂದಂತಾಯಿತು. ಕೀರ್ತನಳಿಗೆ ಹೇಳಿಬಿಡಲೇ ಎಂದು ತಿರುಗಿದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರಾಮಾಂಜಿನಪ್ಪ.

ಕೀರ್ತನ ತಟ್ಟನೆ ಎದ್ದು ನನ್ನ ಪಕ್ಕಕ್ಕೆ ಬಂದು ನಿಂತಳು. ಕಣ್ಣು, ಮೂಗು ಕೆಂಪಾಗಿದ್ದವು.

"ಹೇಳಿ," ಎಂದೆ.

"ಆಯಮ್ಮ ಸಿಕ್ತು ಮೇಡಮ್. ಮುನಿಲಕ್ಷ್ಮಮ್ಮ ಅಂತ ಹೆಸ್ರು. ಇಲ್ಲೇ ಕ್ವಾರಿ ಮೇಲ್ಗಡೆ ಆಡು ಬಿಟ್ಕಂಡು ಕುಂತವ್ರೆ. ನೀವು ಕಳ್ಸಿದ ಫೋಟೊ ನೋಡಿ, ಇದು ನಾನೇಯ ಅಂದ್ರು. ಬಂಡೆನೂ ತೋರ್ಸಿದ್ರು. ಗೂಬೆ ಈಗ್ಲೂ ಐತೆ, ಮರಿ ಐತೆ."

"ನೀರಿನ ಹತ್ರ?"

"ಏನೂ ಇಲ್ಲ. ಸುತ್ತಾ ನೋಡ್ದೆ. ಬಿದ್ದಿರೋ ಗುರುತು, ಬಟ್ಟೆಬರೆ ಏನೂ ಇಲ್ಲ."

ಉಸಿರು ಬಿಟ್ಟೆ. "ಸರಿ, ಫೋಟೊ ತೆಗೆದೋಳನ್ನ ನೋಡಿದ್ರಂತಾ?"

"ನೋಡವ್ರೆ. ಮಾತೂ ಆಡವ್ರೆ. ನನ್ನ ತೆಗೀಬ್ಯಾಡ ಕಣವ್ವ, ಆಡಿಗೆ ದೃಷ್ಟಿ ಆಯ್ತದೆ ಅಂದ್ರಂತೆ. ಆಯ್ತಜ್ಜಿ, ಗೂಬೇನ ಮಾತ್ರ ತೆಗೀತೀನಿ ಅಂದ್ಳಂತೆ. ಬಾಯಾರಿಕೆ ಅಂತ ನೀರು ಇಸ್ಕಂಡು ಕುಡಿದ್ಳಂತೆ. ಒಬ್ಳೇ ಬಂದಿದ್ಳಂತೆ, ಒಬ್ಳೇ ಹೋದ್ಳಂತೆ."

"ಎದ್ದು ಹೋಗಿದಾಳೆ ಅಂತಾಯ್ತಲ್ಲ ರಾಮಾಂಜಿನಪ್ಪನೋರೆ. ಒಳ್ಳೇ ಸುದ್ದಿ."

ಅವರು ಕೆಮ್ಮಿದರು. ಅವರು ಕೆಮ್ಮುವುದು ಹೇಳಲು ಇಷ್ಟವಿಲ್ಲದ್ದನ್ನು ಹೇಳಬೇಕಾದಾಗ ಮಾತ್ರ.

"ಮೇಡಮ್, ಪಕ್ಕದಾಗೆ ಯಾರಾದ್ರೂ ಅವ್ರಾ?"

"ಹೇಳಿ ಪರವಾಗಿಲ್ಲ." ಆದರೂ ಫೋನನ್ನು ಕಿವಿಗೆ ಒತ್ತಿಕೊಂಡೆ.

"ಪೇಪರ್ನಾಗೆ ಬಂದಿತ್ತಲ್ಲ, ಕೀರ್ತನ ಮೇಡಮ್ನೋರು ತಂಗಿ ಫೋಟೊ ಎದೆಗೆ ಹಿಡ್ಕಂಡು ನಿಂತಿರೋದು. ಅದು ನನ್ನ ಜೇಬ್ನಾಗಿತ್ತು. ತೆಗೆದು ತೋರಿಸ್ದೆ. ಈ ಹುಡ್ಗೀನೇನಮ್ಮ ಅಂತ ಸಿಂಧು ಮುಖದ ಮೇಲೆ ಬೆಟ್ಟಿಟ್ಟೆ. ಅಲ್ಲ ಅಂತು. ಸರಿಯಾಗಿ ನೋಡಮ್ಮ ಅಂದೆ. ಪೇಪರ್ ಇಸ್ಕಂಡು ನೋಡ್ತು." ಅವರು ನಿಲ್ಲಿಸಿದರು. "ಫೋಟೊದಾಗಿರೋಳಲ್ಲಪ್ಪ, ಫೋಟೊ ಹಿಡ್ಕಂಡಿರೋಳು, ಅಂತು."

ನನಗೆ ಒಂದು ಕ್ಷಣ ಏನೂ ಕೇಳಿಸಲಿಲ್ಲ. ಮೋಟಾರಿನ ಸದ್ದೂ ಇಲ್ಲ.

"ಮತ್ತೆ ಕೇಳಿದ್ರಾ?" ಎಂದೆ.

"ಕೇಳ್ದೆ. ಮತ್ತೂ ಕೇಳ್ದೆ. ಆಯಮ್ಮಂಗೆ ರೇಗೋಯ್ತು. ನೀರು ಕೊಟ್ಟೋಳು ನಾನು, ಮುಖ ಮರ್ತೋಗ್ತೀನಾ, ನನ್ನ ಕಣ್ಣೇನು ಮಂಜಾಗಿಲ್ಲ ಅಂತು. ಮೇಡಮ್, ಆ ಗುಡ್ಡಕ್ಕೆ ಸಿಂಧು ಬಂದೇ ಇಲ್ಲ."

ಫೋನು ಇಟ್ಟೆ.

ಗುಡ್ಡದ ದಕ್ಷಿಣದಲ್ಲಿ ನಿಂತು ಆ ಚಿತ್ರ ತೆಗೆದವಳಿಗೆ ಅದು ದಕ್ಷಿಣ ಎಂದು ಗೊತ್ತಿಲ್ಲದಿರುತ್ತದೆಯೇ? ತಿರುಗಿದ ಫೋಟೊವನ್ನು ಪೊಲೀಸರು ಅವಳ ಮುಂದೆ ಹಿಡಿದ ಮೊದಲ ದಿನವೇ ಅವಳಿಗೆ ಗೊತ್ತಾಗಿರಬೇಕು. ಆದರೂ ಅವಳು ನಮ್ಮ ಜೊತೆ ನೀಲಗಿರಿ ತೋಪಿಗೆ ಬಂದಳು. ಪ್ರತಿ ಬಂಡೆ ಹತ್ತಿದಳು. ಗಂಟಲು ಹರಿಯುವ ಹಾಗೆ ತಂಗಿಯ ಹೆಸರು ಕೂಗಿದಳು. ಆ ಕೂಗು ಕೇಳಿ ರಾಮಾಂಜಿನಪ್ಪನವರಂಥ ಗಟ್ಟಿ ಮನುಷ್ಯ ಕಣ್ಣೊರೆಸಿಕೊಂಡಿದ್ದರು. ನಾನೂ ಅತ್ತಿದ್ದೆ.

ಎದುರಿಗೆ ಭಾನುಪ್ರಕಾಶ್ ಚೀಲ ಹಿಡಿದು ಹಾಗೇ ನಿಂತಿದ್ದರು. ಗೇಟಿನ ಕಥೆ ಸುಳ್ಳಲ್ಲ ಎಂದು ಈಗ ಅರ್ಥವಾಯಿತು. ಸಿಂಧುವಿನ ಫೋನಿನಿಂದ ಫೋಟೊ ಕಳಿಸಿದವಳು, ಸ್ಕೂಟರನ್ನು ಘಾಟಿಯಲ್ಲಿ ಬಿಟ್ಟವಳು, ಸಂಜೆ ಚೀಲವನ್ನು ಗೇಟಿಗೆ ನೇತು ಹಾಕಿದವಳು, ಎಲ್ಲ ಕೀರ್ತನಳೇ. ಆ ಮನುಷ್ಯ ಕಳ್ಳ ಇರಬಹುದು, ಹೇಡಿ ಇರಬಹುದು, ಆದರೆ ನಾವು ಹುಡುಕುತ್ತಿದ್ದ ಅಪರಾಧಿ ಅವರಲ್ಲ.

ಕೀರ್ತನ ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು.

"ಏನಂತೆ ಮೇಡಮ್?" ಎಂದಳು. "ಆ ಅಮ್ಮ ಸಿಂಧೂನ ನೋಡಿದ್ರಂತಾ?"

"ಇಲ್ವಂತೆ," ಎಂದೆ. "ನಿಮ್ಮನ್ನ ನೋಡಿದ್ರಂತೆ."

ಅವಳು ಕೈ ಬಿಡಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಗಿನಿಂದ ಹರಿಯುತ್ತಿದ್ದ ಅಳು ನಿಂತುಹೋಯಿತು. ಕರವಸ್ತ್ರ ತೆಗೆದು ಮುಖವನ್ನು ಒರೆಸಿಕೊಂಡು, ಮಡಿಸಿ ಕೈಚೀಲದಲ್ಲಿ ಇಟ್ಟಳು. ಮಾತಾಡಿದಾಗ ಅದು ತರಗತಿಯಲ್ಲಿ ಪಾಠ ಮಾಡುವವಳ ದನಿಯಾಗಿತ್ತು, ಸ್ಪಷ್ಟ, ಆತುರವಿಲ್ಲದ್ದು.

"ಹಾಗಾದ್ರೆ ಇವತ್ತಿಗೆ ಹುಡುಕೋದು ನಿಲ್ಲಿಸ್ಬಿಡಿ ಮೇಡಮ್," ಎಂದಳು. "ಅವಳು ಸಿಗ್ಬಾರ್ದು."